ಬಿಪಿಗೆ ದಿನಾ ಮಾತ್ರೆಯೋ, ಆರು ತಿಂಗಳ ಇಂಜೆಕ್ಷನ್ನೋ, ಜೀನ್ ಥೆರಪಿಗೆ ಕಾಯೋದೋ? ಕೊಡಗಲ್ಲಿ ಇರೋರು ಲೆಕ್ಕ ಹಾಕೋದು ಹೇಗೆ

"ಒಂದೇ ಇಂಜೆಕ್ಷನ್, ಬಿಪಿ ಜನ್ಮಪೂರ್ತಿ ಮಾಯ" ಅನ್ನೋ ವಾಟ್ಸಾಪ್ ಫಾರ್ವರ್ಡ್ ಗೋಣಿಕೊಪ್ಪದಿಂದ ಶನಿವಾರಸಂತೆವರೆಗೂ ಎಲ್ಲಾ ಗ್ರೂಪಲ್ಲೂ ಸುತ್ತಾಡ್ತಿದೆ. ಅದನ್ನ ನೋಡಿ ಕೇಳೋರು ಮೂರು ಥರ. ಒಬ್ರು, "ಅಮ್ಮ ತೋಟದ ಮನೇಲಿ ಒಬ್ರೇ ಇರೋದು, ಮಾತ್ರೆ ಮರೀತಾರೆ, ಆ ಇಂಜೆಕ್ಷನ್ ಸಿಗುತ್ತಾ" ಅನ್ನೋರು. ಇನ್ನೊಬ್ರು ಮೂವತ್ತು ದಾಟಿರೋ ಹುಡುಗ್ರು, ಬೆಂಗಳೂರು ಕಂಪನಿ ಕೆಲಸ ಮಡಿಕೇರಿ ಮನೇಲಿ ಕೂತು ಮಾಡೋರು, ಚೆಕಪ್ಪಲ್ಲಿ 150/95 ಬಂದಿದೆ, ಈಗ್ಲೇ ಮಾತ್ರೆ ಶುರು ಮಾಡಿದ್ರೆ ಸಾಯೋವರೆಗೂ ಬಿಡೋಹಾಗಿಲ್ಲ ಅಂತ ಹೆದರಿ "ಜೀನ್ ಥೆರಪಿ (ಜೀನನ್ನೇ ಬದಲಾಯಿಸೋ ಚಿಕಿತ್ಸೆ) ಬರೋವರೆಗೂ ಕಾಯ್ತೀನಿ" ಅಂತಾರೆ. ಮೂರನೇಯವರು ಪಾಪ ಮೂರು ನಾಲ್ಕು ಮಾತ್ರೆ ನುಂಗಿದ್ರೂ 160ರ ಕೆಳಗೆ ಇಳೀದೇ ಒದ್ದಾಡ್ತಿರೋರು.

ಮೂವರಿಗೂ ಒಂದೇ ಉತ್ತರ ಇಲ್ಲ. ಆದ್ರೆ ಅಳೆಯೋ ಕೋಲು ಒಂದೇ ಇರಬೇಕು, ಅದನ್ನ ಮೊದಲು ಹೇಳ್ತೀನಿ.

ನಾನು ನೋಡೋ ಮೊದಲನೇ ವಿಷಯ ಪ್ರೂಫ್. ಬಿಪಿ ನಂಬರ್ ಇಳಿಯೋದು ಬೇರೆ, ಸ್ಟ್ರೋಕು ಹಾರ್ಟ್ ಅಟ್ಯಾಕು ಕಮ್ಮಿ ಆಗೋದು ಬೇರೆ, ನಮಗೆ ಬೇಕಾಗಿರೋದು ಎರಡನೇದು. ಎರಡನೇ ವಿಷಯ, ತಗೊಂಡಿದ್ದನ್ನ ನಿಲ್ಲಿಸೋಕೆ ಆಗುತ್ತಾ ಇಲ್ವಾ. ಇದನ್ನ ಯಾರೂ ಕೇಳೋದೇ ಇಲ್ಲ, ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ದೊಡ್ಡದು. ಯಾಕಂದ್ರೆ ಬಿಪಿ ಅನ್ನೋದು ಒಂದೇ ಜಾಗದಲ್ಲಿ ನಿಲ್ಲೋದಲ್ಲ. ವಾಂತಿ ಭೇದಿ ಆದಾಗ, ಜೋರು ಜ್ವರ ಬಂದಾಗ, ರಕ್ತ ಹೋದಾಗ ತಾನಾಗೇ ಇಳಿಯುತ್ತೆ, ಬಸುರಿ ಆದ್ರೆ ಇಡೀ ಔಷಧಿ ಲೆಕ್ಕವೇ ಬದಲಾಗುತ್ತೆ, ವಯಸ್ಸಾಗಿ ತೂಕ ಇಳಿದ್ರೆ ಹಳೇ ಡೋಸ್ ಜಾಸ್ತಿ ಆಗಿಬಿಡುತ್ತೆ. ಮೂರನೇದು ನಮ್ಮೂರಿಗೆ ಸಿಗುತ್ತಾ ಅನ್ನೋದು. ಕೊಡಗಿಗೆ ರೈಲು ಇಲ್ಲ, ದೊಡ್ಡ ಹಾರ್ಟ್ ಆಸ್ಪತ್ರೆ ಅಂದ್ರೆ ಮೈಸೂರೋ ಮಂಗಳೂರೋ, 2018ರ ಆಗಸ್ಟಲ್ಲಿ ಸಂಪಾಜೆ ಘಾಟ್ ಕುಸಿದು ಮಂಗಳೂರು ದಾರಿ ತಿಂಗಳುಗಟ್ಟಲೆ ಬಂದ್ ಆಗಿದ್ದು ಎಲ್ರಿಗೂ ನೆನಪಿದೆ. ಆಮೇಲೆ ದುಡ್ಡು, ಅದೂ ಒಂದು ಸಲದ ಬಿಲ್ ಅಲ್ಲ, ವರ್ಷದ ಲೆಕ್ಕ. ಕೊನೇದು ನೆನಪು, ಅಂದ್ರೆ ದಿನಾ ನೆನಪಿಟ್ಟು ತಗೊಳ್ಳೋ ತಾಪತ್ರಯ ಎಷ್ಟು.

ಇದೆಲ್ಲಕ್ಕಿಂತ ಮುಂಚೆ ಬಿಪಿ ನಿಜವಾಗ್ಲೂ ಇದೆಯಾ ಅಂತ ಖಾತ್ರಿ ಆಗಬೇಕು. ಆಸ್ಪತ್ರೇಲಿ 140/90 ದಾಟಿದ್ರೆ ಬಿಪಿ ಅಂತಾರೆ, ಮನೇಲಿ ನೋಡ್ಕೊಂಡ್ರೆ 135/85 ಗಡಿ. ಸೋಮವಾರಪೇಟೆಯಿಂದ ಬಸ್ಸಲ್ಲಿ ನಿಂತ್ಕೊಂಡು ಬಂದು, ಮೆಟ್ಲು ಹತ್ತಿ, ಕ್ಯೂನಲ್ಲಿ ಕಾದು, ಮೂತ್ರ ಕಟ್ಕೊಂಡು ಕೂತು ನೋಡಿಸಿದ ನಂಬರ್ ನಂಬಬೇಡಿ. ತೋಳಿಗೆ ಕಟ್ಟೋ ಮೆಷಿನ್ ಒಂದು ತಗೊಳ್ಳಿ (ಮಣಿಕಟ್ಟಿನದು ಬೇಡ), ಐದು ನಿಮಿಷ ಸುಮ್ನೆ ಕೂತು, ಕಾಲು ನೆಲಕ್ಕೆ ಊರಿ, ಬೆಳಿಗ್ಗೆ ಎರಡು ಸಲ ಸಂಜೆ ಎರಡು ಸಲ ಒಂದು ವಾರ ಬರೆದಿಡಿ. ಕಾಫಿ ಕುಡಿದ ತಕ್ಷಣ ಬೇಡ, ಕೊಡಗಲ್ಲಿ ಇದನ್ನ ಹೇಳೋದೇ ಕಷ್ಟ, ಆದ್ರೂ ಅರ್ಧ ಗಂಟೆ ತಡೀರಿ.

ಈಗ ಮಾತ್ರೆ ವಿಷಯಕ್ಕೆ ಬರ್ತೀನಿ. ಪ್ರೂಫಲ್ಲಿ ಇದನ್ನ ಮುಟ್ಟೋದು ಯಾವುದೂ ಇಲ್ಲ. ಲಕ್ಷಾಂತರ ಜನರ ಮೇಲೆ ದಶಕಗಟ್ಟಲೆ ನೋಡಿದ ಔಷಧಿ ಇವು. 2016ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೇಲಿ ಹಳೇ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಸೇರಿಸಿ ಲೆಕ್ಕ ಹಾಕಿದ್ರು, ಮೇಲಿನ ನಂಬರ್ 10 ಪಾಯಿಂಟ್ ಇಳಿದ್ರೆ ಹಾರ್ಟು, ಸ್ಟ್ರೋಕಿನ ದೊಡ್ಡ ತೊಂದರೆಗಳು ಸುಮಾರು 20% ಕಮ್ಮಿ, ಸ್ಟ್ರೋಕ್ ಒಂದನ್ನೇ ನೋಡಿದ್ರೆ ಇನ್ನೂ ಜಾಸ್ತಿ ಲಾಭ. ದುಡ್ಡಿನ ಲೆಕ್ಕದಲ್ಲೂ ಅಷ್ಟೇ, ಅಮ್ಲೋಡಿಪಿನ್, ಟೆಲ್ಮಿಸಾರ್ಟನ್ ಥರದ್ದು ಜನೌಷಧಿ ಅಂಗಡೀಲಿ ತಿಂಗಳಿಗೆ ಹೋಟೆಲ್‌ನಲ್ಲಿ ಒಂದು ಊಟ ಮಾಡೋ ದುಡ್ಡಿಗಿಂತ ಕಮ್ಮಿ, ಸರ್ಕಾರಿ ಪಿಎಚ್‌ಸಿಲಿ ಸ್ಟಾಕ್ ಇದ್ರೆ ಫ್ರೀ. ಬ್ರ್ಯಾಂಡ್ ಹೆಸರಿನ ಮಾತ್ರೆನೇ ಬೇಕು ಅಂತ ಹಠ ಮಾಡೋರು ಅದೇ ಔಷಧಿಗೆ ಎಷ್ಟೋ ಪಟ್ಟು ಜಾಸ್ತಿ ಕೊಡ್ತಾರೆ, ಅದು ಅವರಿಷ್ಟ.

ಮಾತ್ರೆಗೆ ತೊಂದರೆ ಇಲ್ಲ ಅಂತಲ್ಲ. ಅಮ್ಲೋಡಿಪಿನ್‌ಗೆ ಕೆಲವರಿಗೆ ಪಾದ ಊದುತ್ತೆ, ರಾಮಿಪ್ರಿಲ್ ಥರದ 'ಪ್ರಿಲ್' ಮಾತ್ರೆಗಳಿಗೆ ಒಣ ಕೆಮ್ಮು ಬರಬಹುದು (ಮಳೆಗಾಲದಲ್ಲಿ ಶೀತದ ಕೆಮ್ಮು ಅಂದ್ಕೊಂಡು ತಿಂಗಳುಗಟ್ಟಲೆ ಕಷಾಯ ಕುಡಿಯೋರಿದ್ದಾರೆ), ಮೂತ್ರ ಜಾಸ್ತಿ ಹೋಗೋ ಮಾತ್ರೆಗೆ ಸೋಡಿಯಂ ಪೊಟ್ಯಾಸಿಯಂ ಏರುಪೇರು. ಆದ್ರೆ ಒಂದು ಆಗ್ಲಿಲ್ಲ ಅಂದ್ರೆ ಡಾಕ್ಟ್ರು ಇನ್ನೊಂದು ಬರೆದುಕೊಡ್ತಾರೆ, ಅಷ್ಟೇ. ಕೆಮ್ಮು ಬಂದ್ರೆ ಟೆಲ್ಮಿಸಾರ್ಟನ್ ಥರದ 'ಸಾರ್ಟನ್' ಕಡೆಗೆ ಹೋಗೋದು, ಕಾಲು ಊದಿದ್ರೆ ಡೋಸ್ ಇಳಿಸೋದು. ನಿಲ್ಲಿಸಬಹುದು ಬದಲಿಸಬಹುದು ಅನ್ನೋದರ ಬೆಲೆ ಆಗ ಗೊತ್ತಾಗುತ್ತೆ.

ಹಾಗಂತ ನಿಮ್ಮಷ್ಟಕ್ಕೆ ನೀವೇ ಫಟ್ ಅಂತ ಬಿಡಬೇಡಿ. ಅಟೆನೊಲಾಲ್ ಥರದ್ದು, ಕ್ಲೊನಿಡಿನ್, ಇವನ್ನ ಒಮ್ಮೆಲೇ ನಿಲ್ಲಿಸಿದ್ರೆ ಬಿಪಿ ತಿರುಗಿ ಜೋರಾಗಿ ಏರುತ್ತೆ.

ಮಾತ್ರೆಯ ನಿಜವಾದ ವೀಕ್‌ನೆಸ್ ಮರೆವು. ಕಾಫಿ ಕೊಯ್ಲಿನ ಟೈಮಲ್ಲಿ, ಡಿಸೆಂಬರಿಂದ ಫೆಬ್ರವರಿವರೆಗೂ, ಬೆಳಿಗ್ಗೆ ಏಳಕ್ಕೆ ತೋಟಕ್ಕೆ ಹೋದ್ರೆ ಸಂಜೆ ಬೀಜ ತೂಕ ಹಾಕಿ ಮನೆಗೆ ಬರೋವಷ್ಟರಲ್ಲಿ ಮಾತ್ರೆ ಯಾರಿಗೆ ನೆನಪಿರುತ್ತೆ. ತೋಟದ ಲೈನ್ ಮನೇಲಿ ಇರೋ ಕಾರ್ಮಿಕರಿಗೆ ಅಂತೂ ಆಸ್ಪತ್ರೆಗೆ ಹೋದ್ರೆ ಒಂದು ದಿನದ ಕೂಲಿ ಹೋಯ್ತು, ಸ್ಟಾಕ್ ಖಾಲಿ ಆದ್ರೆ ಅಲ್ಲಿಗೆ ನಿಲ್ತು. ಬಿಪಿಗೆ ನೋವಿಲ್ಲ, ಅದಕ್ಕೇ ಸಸಾರ. ಇದಕ್ಕೆ ಸ್ವಲ್ಪ ಉಪಾಯ ಇದೆ: ಎರಡು ಔಷಧಿ ಸೇರಿರೋ ಒಂದೇ ಮಾತ್ರೆ ಕೇಳಿ, ಅಮ್ಲೋಡಿಪಿನ್ ಥರ ದೇಹದಲ್ಲಿ ನಿಧಾನಕ್ಕೆ ಕರಗೋದು ಕೇಳಿ (ಅದರ ಅರ್ಧ ಆಯಸ್ಸೇ, ಅಂದ್ರೆ ದೇಹದಲ್ಲಿ ಅರ್ಧ ಕರಗೋಕೆ ಹಿಡಿಯೋ ಟೈಮೇ, 30ರಿಂದ 50 ಗಂಟೆ, ಒಂದು ದಿನ ತಪ್ಪಿದ್ರೆ ಆಕಾಶ ಬೀಳಲ್ಲ), ಮಳೆಗಾಲಕ್ಕೆ ಅಂತ ಜೂನ್ ಶುರುವಿಗೇ ಎರಡು ತಿಂಗಳಿಂದು ತಂದಿಟ್ಕೊಳ್ಳಿ.

ಉಪ್ಪಿನ ವಿಷಯ ಬೇಗ ಮುಗಿಸ್ತೀನಿ, ಯಾಕಂದ್ರೆ ಎಲ್ರೂ ಕೇಳಿರ್ತೀರಿ, ಯಾರೂ ಮಾಡಲ್ಲ. ದಿನಕ್ಕೆ 5 ಗ್ರಾಂ ಒಳಗೆ ಅಂತಾರೆ ವಿಶ್ವ ಆರೋಗ್ಯ ಸಂಸ್ಥೆಯವರು, ಅಂದ್ರೆ ಒಂದು ಟೀ ಚಮಚ. ಒಣಮೀನು, ಹಂದಿ ಉಪ್ಪಿನಕಾಯಿ, ಉಪ್ಪಲ್ಲಿ ಹಾಕಿಟ್ಟ ಕಣಿಲೆ ಇಷ್ಟು ಸಾಕು ಒಂದೇ ಊಟದಲ್ಲಿ ಲೆಕ್ಕ ದಾಟೋಕೆ. ಚೀನಾದ 600 ಹಳ್ಳಿಗಳಲ್ಲಿ ಸುಮಾರು 21,000 ಜನರಿಗೆ ಮಾಮೂಲಿ ಉಪ್ಪಿನ ಬದಲು ಕಾಲು ಭಾಗ ಪೊಟ್ಯಾಸಿಯಂ ಇರೋ ಉಪ್ಪು ಕೊಟ್ಟು ನೋಡಿದ್ರು, 2021ರಲ್ಲಿ ರಿಸಲ್ಟ್ ಬಂತು, ಸ್ಟ್ರೋಕ್ 14% ಕಮ್ಮಿ. ಬರೀ ಉಪ್ಪು ಬದಲಾಯಿಸಿದ್ದಕ್ಕೆ! ಆದ್ರೆ ಕಿಡ್ನಿ ತೊಂದರೆ ಇರೋರು, ಟೆಲ್ಮಿಸಾರ್ಟನ್ ಅಥವಾ ಸ್ಪೈರೊನೊಲ್ಯಾಕ್ಟೋನ್ ತಗೊಳ್ಳೋರು ಡಾಕ್ಟ್ರನ್ನ ಕೇಳದೇ ಈ ಉಪ್ಪು ಮುಟ್ಟಬಾರದು. ಇನ್ನೊಂದು ಮಾತು, ಸೊಂಟ ನೋವು ಮಂಡಿ ನೋವು ಅಂತ ಮೆಡಿಕಲ್ ಶಾಪಿಂದ ಡೈಕ್ಲೊಫೆನಾಕ್, ಐಬುಪ್ರೊಫೆನ್ ದಿನಾ ನುಂಗೋರ ಬಿಪಿ ಆ ಮಾತ್ರೆಯಿಂದಲೇ ಏರಿರಬಹುದು. ಜೇಷ್ಠಮಧು ಹಾಕಿದ ಕಷಾಯ ವಾರಗಟ್ಟಲೆ ಕುಡಿದ್ರೂ ಅದೇ ಕಥೆ.

ಕಿಡ್ನಿಗೆ ಹೋಗೋ ನರಗಳನ್ನ ಸುಡೋ ಪ್ರೊಸೀಜರ್ ಒಂದಿದೆ, ರೀನಲ್ ಡಿನರ್ವೇಶನ್ ಅಂತಾರೆ. ತೊಡೆ ಸಂಧೀಲಿ ತೂತು ಮಾಡಿ, ರಕ್ತನಾಳದೊಳಗೆ ತಂತಿ ಕಳಿಸಿ, ಕಿಡ್ನಿ ರಕ್ತನಾಳದ ಸುತ್ತ ಇರೋ ನರಗಳಿಗೆ ಬಿಸಿ ಕೊಡ್ತಾರೆ. ಅಮೆರಿಕಾದಲ್ಲಿ 2023ರ ನವೆಂಬರಲ್ಲಿ ಎರಡು ಕಂಪನಿಯ ಯಂತ್ರಗಳಿಗೆ ಪರ್ಮಿಷನ್ ಸಿಕ್ತು. ಆದ್ರೆ 2014ರಲ್ಲಿ ಇದೇ ವಿಧಾನದ ದೊಡ್ಡ ಅಧ್ಯಯನ ಫೇಲ್ ಆಗಿತ್ತು, ಸುಮ್ನೆ ಮಲಗಿಸಿ ಮಾಡಿದ ಹಾಗೆ ನಾಟಕ ಆಡಿ ಕಳಿಸಿದ ರೋಗಿಗಳಿಗೂ ನಿಜವಾಗಿ ಮಾಡಿಸ್ಕೊಂಡವರಿಗೂ ವ್ಯತ್ಯಾಸ ಕಾಣ್ಲಿಲ್ಲ. ಆಮೇಲೆ ಯಂತ್ರ ಸುಧಾರಿಸಿದ ಮೇಲೂ ಆ ನಾಟಕದ ಗುಂಪಿಗಿಂತ ಸರಾಸರಿ ನಾಲ್ಕೋ ಆರೋ ಪಾಯಿಂಟ್ ಜಾಸ್ತಿ ಇಳಿಯುತ್ತೆ, ಅಷ್ಟೇ. ಖರ್ಚು ಲಕ್ಷಗಳಲ್ಲಿ, ಮಾತ್ರೆ ಪೂರ್ತಿ ನಿಲ್ಲುತ್ತೆ ಅಂತ ಗ್ಯಾರಂಟಿ ಇಲ್ಲ, ಸುಟ್ಟಿದ್ದನ್ನ ವಾಪಸ್ ತರೋಕೂ ಆಗಲ್ಲ. ಮಾಮೂಲಿ ಬಿಪಿಗೆ ಇದು ಬೇಡ. ಮೂರನೇ ಗುಂಪಿನೋರಿಗೆ ಮಾತ್ರ ಇದನ್ನ ಎತ್ತಿದ್ದು, ಅವರ ವಿಷಯ ಕೊನೇಲಿ ಬರುತ್ತೆ.

ಫಾರ್ವರ್ಡಲ್ಲಿ ಬರೋ "ಇಂಜೆಕ್ಷನ್" ಬಹುತೇಕ ಜಿಲೆಬೆಸಿರಾನ್ ಅನ್ನೋದು. ಇದು ಕೆಲಸ ಮಾಡೋ ರೀತಿ ನಿಜಕ್ಕೂ ಚೆನ್ನಾಗಿದೆ. ನಮ್ಮ ಲಿವರ್ ಆಂಜಿಯೊಟೆನ್ಸಿನೋಜನ್ ಅನ್ನೋ ಪ್ರೋಟೀನ್ ಮಾಡುತ್ತೆ, ಕಿಡ್ನಿಯಿಂದ ಬರೋ ರೆನಿನ್ ಅದನ್ನ ಕತ್ತರಿಸುತ್ತೆ, ಆಮೇಲೆ ಇನ್ನೊಂದು ಎನ್ಝೈಮ್ ಕತ್ತರಿಸಿ ಆಂಜಿಯೊಟೆನ್ಸಿನ್-2 ಆಗುತ್ತೆ, ಅದು ರಕ್ತನಾಳ ಬಿಗಿ ಮಾಡಿ ಉಪ್ಪು ಹಿಡಿದಿಟ್ಟು ಬಿಪಿ ಏರಿಸುತ್ತೆ. ಪ್ರಿಲ್, ಸಾರ್ಟನ್ ಮಾತ್ರೆಗಳು ಇದೇ ದಾರೀಲಿ ಕೆಳಗಡೆ ಎಲ್ಲೋ ಅಡ್ಡ ಹಾಕ್ತವೆ. ಈ ಇಂಜೆಕ್ಷನ್ ಮೇಲ್ಗಡೆ ಮೂಲದಲ್ಲೇ, ಲಿವರ್‌ನಲ್ಲಿ ಆ ಪ್ರೋಟೀನ್ ಮಾಡು ಅಂತ ಜೀನ್ ಕಳಿಸೋ ಚೀಟಿಯನ್ನ ಹರಿದುಹಾಕುತ್ತೆ. ಜೀನ್ ಹಾಗೇ ಇರುತ್ತೆ, ಚೀಟಿ ಮಾತ್ರ ಹೋಗುತ್ತೆ, ಅದಕ್ಕೇ ಆರು ತಿಂಗಳಲ್ಲಿ ಪರಿಣಾಮ ಕರಗುತ್ತೆ. ಹೊಟ್ಟೆ ಹತ್ರ ಚರ್ಮದ ಕೆಳಗೆ ವರ್ಷಕ್ಕೆ ಎರಡು ಸಲ ಚುಚ್ಚಿಸ್ಕೊಂಡ್ರೆ ಸಾಕು, ಕೊಡಗಲ್ಲಿ ಕಕ್ಕಡ ತಿಂಗಳ 18ಕ್ಕೆ ಮದ್ದುಸೊಪ್ಪಿನ ಪಾಯಸ ತಿಂದು ವರ್ಷದ ಮದ್ದು ಮುಗೀತು ಅಂದ ಹಾಗೆ.

ನಂಬರ್ ನೋಡಿ. ಬೇರೆ ಮಾತ್ರೆ ಇಲ್ಲದೇ ಬರೀ ಇದನ್ನೇ ಕೊಟ್ಟಾಗ ಮೂರು ತಿಂಗಳಲ್ಲಿ ಡಮ್ಮಿ ಇಂಜೆಕ್ಷನ್‌ಗಿಂತ 14ರಿಂದ 17 ಪಾಯಿಂಟ್ ಹತ್ರ ಜಾಸ್ತಿ ಇಳೀತು. ಭಾರೀ ಅನ್ಸುತ್ತೆ, ಹೌದು. ಆದ್ರೆ ಮೊದಲೇ ಒಂದು ಮಾತ್ರೆ ತಗೊಳ್ತಿದ್ದೋರಿಗೆ ಸೇರಿಸಿ ಕೊಟ್ಟಾಗ ಕಥೆ ಬೇರೆ: ಇಂಡಪಮೈಡ್ ಅನ್ನೋ ಮೂತ್ರದ ಮಾತ್ರೆ ಜೊತೆ 12, ಅಮ್ಲೋಡಿಪಿನ್ ಜೊತೆ ಸುಮಾರು 10, ಒಲ್ಮೆಸಾರ್ಟನ್ ಜೊತೆ ಬರೀ 4. ಕಾರಣ ಮೇಲೆ ಹೇಳಿದ್ದೇ, ಸಾರ್ಟನ್ ಆಗ್ಲೇ ಅದೇ ದಾರಿ ಮುಚ್ಚಿರುತ್ತೆ, ಮುಚ್ಚಿದ ಗೇಟಿಗೆ ಇನ್ನೊಂದು ಬೀಗ ಹಾಕಿದ್ರೆ ಏನು ಪ್ರಯೋಜನ. ನೀವು ಟೆಲ್ಮಿಸಾರ್ಟನ್ ತಗೊಳ್ತಿದ್ರೆ ಈ ಲೈನ್ ಎರಡು ಸಲ ಓದಿ.

ಸ್ಟ್ರೋಕ್, ಹಾರ್ಟ್ ಅಟ್ಯಾಕ್ ಕಮ್ಮಿ ಆಗುತ್ತಾ ಅನ್ನೋ ಉತ್ತರಕ್ಕೆ ಸುಮಾರು 11,000 ಜನರ ದೊಡ್ಡ ಅಧ್ಯಯನ ಮಾಡ್ತೀವಿ ಅಂತ ಕಂಪನಿಯೋರು 2025ರಲ್ಲಿ ಹೇಳಿದ್ದಾರೆ, ಅದು ಮುಗಿಯೋಕೆ ವರ್ಷಗಳೇ ಬೇಕು. ಮೆಡಿಕಲ್ ಶಾಪಲ್ಲಿ ಇದು ಸಿಗೋ ಔಷಧಿ ಅಲ್ಲ, ಯಾರಾದ್ರೂ "ತರಿಸಿಕೊಡ್ತೀನಿ" ಅಂದ್ರೆ ಅಲ್ಲೇ ಎದ್ದು ಬನ್ನಿ.

ಮುಂದೆ ಒಂದಿನ ಬಂದ್ರೆ ಯಾರಿಗೆ ಒಳ್ಳೇದು? ಮರೆವಿನ ಪ್ರಾಬ್ಲಮ್ ಇರೋರಿಗೆ ಖಂಡಿತ. ವರ್ಷಕ್ಕೆ ಎರಡು ಸಲ ಸಬ್‌ಸೆಂಟರ್ ಸಿಸ್ಟರ್ ಕೈಲಿ ಚುಚ್ಚಿಸ್ಕೊಂಡು ಮುಗೀತು ಅಂದ್ರೆ ಭಾಗಮಂಡಲದ ಆಚೆ ಬೆಟ್ಟದಲ್ಲಿರೋ ಅಜ್ಜಿಗೆ ಅದಕ್ಕಿಂತ ಬೇರೆ ಏನು ಬೇಕು. ಆದ್ರೆ ಅದೇ ಅಜ್ಜಿಗೆ ಜುಲೈನಲ್ಲಿ ಇಲಿಜ್ವರ ಬಂತು ಅಂದ್ಕೊಳ್ಳಿ, ಅಥವಾ ಭೇದಿ ಹಿಡಿದು ನೀರೆಲ್ಲ ಹೋಯ್ತು, ಬಿಪಿ ಕುಸೀತಿದೆ. ಮಾತ್ರೆ ಆಗಿದ್ರೆ ಡಾಕ್ಟ್ರು "ನಾಲ್ಕು ದಿನ ನಿಲ್ಸಿ" ಅಂತಿದ್ರು. ಇಂಜೆಕ್ಷನ್ ಒಳಗೆ ಹೋಗಿ ಆಗಿದೆ, ಇನ್ನೂ ತಿಂಗಳುಗಟ್ಟಲೆ ಇರುತ್ತೆ. ಸಲೈನ್ ಕೊಟ್ಟು, ಬಿಪಿ ಏರಿಸೋ ಔಷಧಿ ಕೊಟ್ಟು ನಿಭಾಯಿಸಬಹುದು, ಆದ್ರೆ ಅದು ಐಸಿಯು ಪಕ್ಕದಲ್ಲಿ ಇರೋರಿಗೆ, ಮರ ಬಿದ್ದು ರಸ್ತೆ ಬಂದ್ ಆಗಿ ಕರೆಂಟೂ ಇಲ್ಲದೇ ಕೂತಿರೋರಿಗೆ ಅಲ್ಲ. ದೂರದ ಊರಿನೋರಿಗೆ ಇದು ಜಾಸ್ತಿ ಅನುಕೂಲ, ಅದೇ ದೂರಕ್ಕೆ ಜಾಸ್ತಿ ರಿಸ್ಕ್ ಕೂಡ.

ಇನ್ನು ನಿಜವಾದ ಜೀನ್ ಥೆರಪಿ, ಅಂದ್ರೆ ಜೀನನ್ನೇ ಬದಲಾಯಿಸೋದು ಅಥವಾ ಹೊಸದು ಸೇರಿಸೋದು. ಬಿಪಿಗೆ ಇದರ ಪ್ರಯತ್ನ 1990ರ ದಶಕದಿಂದ ನಡೀತಿದೆ, ಇಲಿಗಳ ಮೇಲೆ. ಹುಟ್ಟಾ ಬಿಪಿ ಏರೋ ಇಲಿ ತಳಿಯೊಂದನ್ನ 1963ರಲ್ಲೇ ಜಪಾನಿನ ಕ್ಯೋಟೊದಲ್ಲಿ ಬೆಳೆಸಿದ್ರು, ಅವತ್ತಿಂದ ಇವತ್ತಿಗೂ ಬಿಪಿ ಸಂಶೋಧನೆಗೆ ಅದೇ ಇಲಿ. 2021ರಲ್ಲಿ ಅಮೆರಿಕಾದ ಡ್ಯೂಕ್ ಯೂನಿವರ್ಸಿಟಿಯವರು ಕ್ರಿಸ್ಪರ್ ಅನ್ನೋ ಜೀನ್ ಕತ್ತರಿಯನ್ನ ನಿರುಪದ್ರವಿ ವೈರಸ್ ಒಳಗೆ ತುಂಬಿಸಿ ಆ ಇಲಿಗಳ ಲಿವರಿಗೆ ಕಳಿಸಿ ಆಂಜಿಯೊಟೆನ್ಸಿನೋಜನ್ ಜೀನನ್ನೇ ಕೆಡಿಸಿದ್ರು. ದೊಡ್ಡ ಇಲಿಗಳ ಬಿಪಿ ಇಳೀತು, ಮರಿಗಳಿಗೆ ಒಂದು ವರ್ಷ ನೋಡಿದ್ರೂ ಬಿಪಿ ಏರ್ಲೇ ಇಲ್ಲ. ಒಂದೇ ಡೋಸ್.

ಇಷ್ಟು ಓದಿದ್ರೆ ಕಾಯೋಣ ಅನ್ಸುತ್ತೆ, ನನಗೂ ಓದಿದಾಗ ರೋಮಾಂಚನ ಆಯ್ತು. ಆದ್ರೆ ಮನುಷ್ಯರ ಬಿಪಿ ಒಂದು ಜೀನಿನ ಕೆಲಸ ಅಲ್ಲ. ಸಾವಿರಕ್ಕೂ ಹೆಚ್ಚು ಕಡೆ ಡಿಎನ್‌ಎಯಲ್ಲಿ ಸಣ್ಣ ಸಣ್ಣ ವ್ಯತ್ಯಾಸಗಳು ಸೇರಿ, ಅದರ ಮೇಲೆ ಉಪ್ಪು, ತೂಕ, ಕುಡಿತ, ನಿದ್ದೆ ಎಲ್ಲಾ ಸೇರಿ ಆಗೋದು. ಹಿಮೋಫಿಲಿಯಾ (ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ) ಥರ ಒಂದೇ ಜೀನ್ ಕೆಟ್ಟಿರೋ ಕಾಯಿಲೆಗೆ ಜೀನ್ ಥೆರಪಿ ಗೆದ್ದಿದೆ, ನಮ್ಮ ವೆಲ್ಲೂರು ಸಿಎಂಸಿಯಲ್ಲೇ ಐದು ಜನ ಹಿಮೋಫಿಲಿಯಾ-ಎ ರೋಗಿಗಳಿಗೆ ಕೊಟ್ಟು 2024ರ ಡಿಸೆಂಬರಲ್ಲಿ ರಿಸಲ್ಟ್ ಪ್ರಕಟ ಮಾಡಿದ್ರು, ಒಳ್ಳೇ ರಿಸಲ್ಟೇ. ಆದ್ರೆ ಅಲ್ಲಿ ಕಾಯಿಲೆ ದೊಡ್ಡದು, ಬೇರೆ ದಾರಿ ಕಷ್ಟ, ಅದಕ್ಕೆ ರಿಸ್ಕ್ ತಗೊಳ್ಳೋದರಲ್ಲಿ ಅರ್ಥ ಇದೆ. ಹತ್ತು ಹದಿನೈದು ರೂಪಾಯಿ ಸ್ಟ್ರಿಪ್ಪಲ್ಲಿ ಹಿಡಿತಕ್ಕೆ ಬರೋ ಬಿಪಿಗೆ ಜೀನ್ ಕತ್ತರಿಸ್ಕೊಳ್ಳೋದು ಬೇರೆ ಮಾತು. 1999ರಲ್ಲಿ ಅಮೆರಿಕಾದಲ್ಲಿ 18 ವರ್ಷದ ಜೆಸ್ಸಿ ಗೆಲ್ಸಿಂಗರ್ ಅನ್ನೋ ಹುಡುಗ ಜೀನ್ ಥೆರಪಿ ಟ್ರಯಲಲ್ಲಿ ವೈರಸ್ಸಿಗೆ ದೇಹ ತಿರುಗಿಬಿದ್ದು ನಾಲ್ಕೇ ದಿನದಲ್ಲಿ ತೀರಿಕೊಂಡ, ಅವನ ಕಾಯಿಲೆ ಮಾತ್ರೆ ಪಥ್ಯದಲ್ಲಿ ಹಿಡಿತದಲ್ಲೇ ಇತ್ತು. ಆಮೇಲೆ ವೈರಸ್ಸೂ ಬದಲಾಯ್ತು ನಿಯಮಗಳೂ ಬಿಗಿಯಾದ್ವು, ಆದ್ರೂ ಲಿವರ್‌ಗೆ ಪೆಟ್ಟಾಗೋ ರಿಸ್ಕ್ ಪೂರ್ತಿ ಹೋಗಿಲ್ಲ.

ನನ್ನ ಎರಡನೇ ಅಳತೆಗೆ ಇಟ್ಟು ನೋಡಿ. ಮಾತ್ರೆ ಡಾಕ್ಟ್ರು ಹೇಳಿದ್ರೆ ನಾಳೆ ನಿಲ್ಲಿಸಬಹುದು, ಇಂಜೆಕ್ಷನ್ ಆರು ತಿಂಗಳಿಗೆ, ಜೀನ್ ಎಡಿಟಿಂಗ್ ಯಾವತ್ತೂ ಇಲ್ಲ. ಆಂಜಿಯೊಟೆನ್ಸಿನ್ ದಾರಿ ಮುಚ್ಚಿದ್ರೆ ಹೊಟ್ಟೇಲಿರೋ ಮಗುವಿನ ಕಿಡ್ನಿಗೆ ತೊಂದರೆ, ಅದಕ್ಕೇ ಬಸುರೀರಿಗೆ ಪ್ರಿಲ್ ಸಾರ್ಟನ್ ಕೊಡಲ್ಲ. ಹಾಗಿದ್ಮೇಲೆ ಮುಂದೆ ಮಕ್ಕಳು ಬೇಕು ಅನ್ನೋ ಹೆಣ್ಮಗಳಿಗೆ ಇದನ್ನ ಜನ್ಮಪೂರ್ತಿ ಮುಚ್ಚೋದು ಹೇಗೆ? ದುಡ್ಡಂತೂ ಕೇಳಲೇಬೇಡಿ, ಹಿಮೋಫಿಲಿಯಾ-ಬಿ ಜೀನ್ ಥೆರಪಿಗೆ 2022ರಲ್ಲಿ ಅಮೆರಿಕಾದಲ್ಲಿ ಇಟ್ಟ ರೇಟ್ 35 ಲಕ್ಷ ಡಾಲರ್, ಅವತ್ತಿನ ಲೆಕ್ಕಕ್ಕೆ 28 ಕೋಟಿ ರೂಪಾಯಿ ಹತ್ರ. ಬಿಪಿಗೆ ಬಂದ್ರೆ ಅಷ್ಟು ಇರ್ಲಿಕ್ಕಿಲ್ಲ, ಆದ್ರೆ ಕಾಫಿ ರೇಟ್ ಎಷ್ಟೇ ಏರಿದ್ರೂ ಎರಡು ಎಕರೆ ತೋಟದೋರಿಗೆ ಎಟುಕೋದಲ್ಲ.

ಈಗ ಮೊದಲು ಹೇಳಿದ ಮೂವರ ವಿಷಯ.

ಮರೆಯೋ ಅಮ್ಮಂಗೆ: ಎರಡು ಸೇರಿರೋ ಒಂದೇ ಮಾತ್ರೆ, ವಾರದ ಡಬ್ಬಿ, ಬೆಳಿಗ್ಗೆ ಕಾಫಿ ಲೋಟದ ಪಕ್ಕ ಇಡೋದು, ಮಕ್ಕಳು ದಿನಾ ಫೋನ್ ಮಾಡೋವಾಗ ಊಟ ಆಯ್ತಾ ಅಂತ ಕೇಳೋ ಜಾಗದಲ್ಲಿ ಮಾತ್ರೆ ಆಯ್ತಾ ಅಂತ ಕೇಳೋದು. ಆಶಾ ಕಾರ್ಯಕರ್ತೆಗೂ ಒಂದು ಮಾತು ಹೇಳಿಡಿ. ಆರು ತಿಂಗಳ ಇಂಜೆಕ್ಷನ್‌ನ ದೊಡ್ಡ ಅಧ್ಯಯನ ಚೆನ್ನಾಗಿ ಬಂದು ಇಲ್ಲಿಗೂ ಬಂದ್ರೆ ಮೊದಲ ಸಾಲಲ್ಲಿ ನಿಲ್ಲಬೇಕಾದೋರು ಇವರೇ, ಅಲ್ಲಿವರೆಗೂ ಮಾತ್ರೆ.

ಮೂವತ್ತರ ಹುಡುಗ್ರೇ, ನಿಮಗೆ ಸ್ವಲ್ಪ ಖಾರವಾಗೇ ಹೇಳ್ತೀನಿ. ಹತ್ತು ವರ್ಷ 150/95 ಇಟ್ಕೊಂಡು ಕಾಯೋ ಅಷ್ಟರಲ್ಲಿ ಹಾರ್ಟಿನ ಗೋಡೆ ದಪ್ಪ ಆಗಿರಬಹುದು, ಕಿಡ್ನಿಯಿಂದ ಪ್ರೋಟೀನ್ ಸೋರೋಕೆ ಶುರು ಆಗಿರಬಹುದು, ಅದನ್ನ ಯಾವ ಜೀನ್ ಥೆರಪಿಯೂ ರಿಪೇರಿ ಮಾಡಲ್ಲ. ಮಾತ್ರೆ ಶುರು ಮಾಡಿದ್ರೆ ಜನ್ಮಪೂರ್ತಿ ಅನ್ನೋದೂ ಪೂರ್ತಿ ನಿಜ ಅಲ್ಲ, ತೂಕ ಇಳಿಸಿ ಉಪ್ಪು ಕುಡಿತ ಕಮ್ಮಿ ಮಾಡಿದ ಎಷ್ಟೋ ಜನರಿಗೆ ಡಾಕ್ಟ್ರೇ ಡೋಸ್ ಇಳಿಸ್ತಾರೆ. ಇಷ್ಟು ಸಣ್ಣ ವಯಸ್ಸಲ್ಲಿ ಬಿಪಿ ಬಂದಿದ್ರೆ ಕಾರಣ ಹುಡುಕೋ ಟೆಸ್ಟ್ ಮಾಡಿಸಿ, ಕಿಡ್ನಿ, ಥೈರಾಯ್ಡ್, ಗೊರಕೆ ಇದ್ರೆ ನಿದ್ದೆದೂ.

ಮೂರು ನಾಲ್ಕು ಮಾತ್ರೆಗೂ ಇಳಿಯದೋರಿಗೆ: ಮೊದಲು ಮಾತ್ರೆ ನಿಜವಾಗ್ಲೂ ದಿನಾ ಹೋಗ್ತಿದೆಯಾ, ನೋವಿನ ಮಾತ್ರೆ ನುಂಗ್ತಿದ್ದೀರಾ, ಮೂತ್ರದ ಮಾತ್ರೆ ಲಿಸ್ಟಲ್ಲಿ ಇದೆಯಾ ನೋಡಿ. ಆಮೇಲೆ ಅಲ್ಡೊಸ್ಟೆರೋನ್-ರೆನಿನ್ ಅನ್ನೋ ರಕ್ತ ಪರೀಕ್ಷೆ ಕೇಳಿ, ಇದಕ್ಕೆ ಸ್ಯಾಂಪಲ್ ಹೊರಗಡೆ ಕಳಿಸಬೇಕಾಗಬಹುದು. ಅಡ್ರಿನಲ್ ಗ್ರಂಥಿ ತೊಂದರೆಯಿಂದ ಬಿಪಿ ಏರಿದ್ರೆ ಔಷಧಿ ಬೇರೆ, ಕೆಲವರಿಗೆ ಆಪರೇಷನ್ನಲ್ಲೇ ವಾಸಿ ಆಗುತ್ತೆ. ಅದೂ ಅಲ್ಲ ಅಂದ್ರೆ ನಾಲ್ಕನೇ ಮಾತ್ರೆಯಾಗಿ ಸ್ಪೈರೊನೊಲ್ಯಾಕ್ಟೋನ್ ಎಲ್ಲಕ್ಕಿಂತ ಚೆನ್ನಾಗಿ ಇಳಿಸುತ್ತೆ ಅಂತ 2015ರ ಬ್ರಿಟಿಷ್ ಅಧ್ಯಯನದಲ್ಲಿ ಗೊತ್ತಾಗಿದೆ, ಪೊಟ್ಯಾಸಿಯಂ ಚೆಕ್ ಮಾಡಿಸ್ತಾ ಇರಬೇಕು ಅಷ್ಟೇ. ಇದೆಲ್ಲ ಆದ್ಮೇಲೂ ಇಳೀಲಿಲ್ಲ ಅಂದ್ರೆ ಆಗ ಮೈಸೂರಿಗೋ ಬೆಂಗಳೂರಿಗೋ ಹೋಗಿ ಡಿನರ್ವೇಶನ್ ಬಗ್ಗೆ ಮಾತಾಡೋದರಲ್ಲಿ ಅರ್ಥ ಇದೆ.

ಟ್ರಯಲ್‌ಗೆ ಸೇರ್ತೀವಿ ಅನ್ನೋರಿಗೆ ಬೇಡ ಅನ್ನಲ್ಲ, ಸೇರೋರು ಇಲ್ದಿದ್ರೆ ಹೊಸ ಔಷಧಿ ಬರೋದು ಹೇಗೆ. ಆದ್ರೆ ಭಾರತದಲ್ಲಿ ನಡೆಯೋ ಟ್ರಯಲ್ ಸಿಟಿಆರ್‌ಐ (ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿ - ಇಂಡಿಯಾ) ಅನ್ನೋ ಪಟ್ಟೀಲಿ ನೋಂದಣಿ ಆಗಿರಬೇಕು, ಆ ನಂಬರ್ ಕೇಳಿ ವೆಬ್‌ಸೈಟಲ್ಲಿ ನೀವೇ ಹುಡುಕಿ. ಒಪ್ಪಿಗೆ ಪತ್ರ ನಿಮಗೆ ಅರ್ಥ ಆಗೋ ಭಾಷೇಲಿ, ಅಂದ್ರೆ ಕನ್ನಡದಲ್ಲಿ ಕೇಳಿ, ಮನೆಗೆ ತಂದು ಓದಿ. ಟ್ರಯಲ್‌ನಿಂದ ತೊಂದರೆ ಆದ್ರೆ ಚಿಕಿತ್ಸೆ, ಪರಿಹಾರ ಕೊಡಬೇಕು ಅಂತ 2019ರ ನಿಯಮದಲ್ಲೇ ಇದೆ, ಅದು ಪತ್ರದಲ್ಲಿ ಬರೆದಿದೆಯಾ ನೋಡಿ. ಟ್ರಯಲ್ ಔಷಧಿಗೆ ನಿಮ್ಮ ಹತ್ರ ದುಡ್ಡು ಕೇಳಿದ್ರೆ ಅದು ಟ್ರಯಲ್ ಅಲ್ಲ, ವ್ಯಾಪಾರ.